ಬಿರುಬೇಸಗೆಯಲ್ಲಿ ಮನೆಯ ಹೂದೋಟ

ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ಹೊತ್ತಿಗೆ ನಮ್ಮ ಬಯಲುಸೀಮೆಯ ಮನೆಗಳ ಅಂಗಳದಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಮಾರ್ಗಶಿರದಲ್ಲಿ ಕಣ್ಣು ಕೋರೈಸುತ್ತಿದ್ದ ಸೇವಂತಿಗೆ ಕಂದಿ ನೆಲ ಹಿಡಿದಿರುತ್ತದೆ. ಗುಲಾಬಿಯ ಎಲೆಗಳ ಅಂಚು ಬೆಂಕಿ ತಗುಲಿದಂತೆ ಸುಟ್ಟಿರುತ್ತದೆ. ಡೇಲಿಯ ಇದ್ದ ಜಾಗದಲ್ಲಿ ಬರಿಯ ಊರುಗೋಲು ಮಾತ್ರ ನಿಂತಿರುತ್ತದೆ. ಆದರೆ ಅದೇ ಅಂಗಳದ ಮೂಲೆಯಲ್ಲಿ, ಅದೇ ಬಿಸಿಲಿನಲ್ಲಿ, ಮಲ್ಲಿಗೆಯ ಪೊದೆ ಮೈತುಂಬ ಮೊಗ್ಗು ಹೊತ್ತು ನಗುತ್ತಿರುತ್ತದೆ. ಒಂದೇ ಮಣ್ಣು, ಒಂದೇ ನೀರು, ಒಂದೇ ಆರೈಕೆ. ಒಂದಕ್ಕೆ ಮರಣ, ಮತ್ತೊಂದಕ್ಕೆ ಮದುವೆ! ಬೇಸಗೆಯ ತೋಟಗಾರಿಕೆಯ ಮುಕ್ಕಾಲು ಪಾಲು ಈ ಭೇದವನ್ನು ಅರಿಯುವುದರಲ್ಲಿಯೇ ಇದೆ. ಉಳಿದ ಕಾಲು ಪಾಲು ಕೊಡದ ಲೆಕ್ಕ.

ಕಲಬುರಗಿ, ರಾಯಚೂರು, ಬಳ್ಳಾರಿಗಳ ಕಡೆಯವರಿಗೆ ನಲವತ್ತು ಡಿಗ್ರಿಯ ಬಿಸಿಲು ಹೊಸತಲ್ಲ. ತಂಪಿನ ಊರೆಂದು ಹೆಸರಾಂತ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ ತಿಂಗಳಿನಲ್ಲಿ ಉಷ್ಣಾಂಶ 39.2 ಡಿಗ್ರಿಯವರೆಗೆ ಏರಿತ್ತು. ಆದರೆ ಗಿಡಗಳ ಪಾಲಿಗೆ ಉಷ್ಣಕ್ಕಿಂತಲೂ ಹೆಚ್ಚಿನ ಶತ್ರು ಒಣಗಾಳಿ. ಮಂಗಳೂರಿನ ಬೆವರಿಳಿಸುವ ಸೆಕೆಯಲ್ಲಿ ನಳನಳಿಸುವ ಗಿಡ, ಅಷ್ಟೇ ಉಷ್ಣದ ಚಿತ್ರದುರ್ಗದ ಒಣಗಾಳಿಯಲ್ಲಿ ಎರಡೇ ದಿನಕ್ಕೆ ಸೊರಗುವುದುಂಟು. ಎಲೆಯ ಅಡಿಭಾಗದಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳ ಮೂಲಕ ಗಿಡ ಉಸಿರಾಡುತ್ತದೆ. ಆ ಬಾಗಿಲುಗಳು ತೆರೆದಿರುವಾಗ ನೀರೂ ಆವಿಯಾಗಿ ಹೊರಬೀಳುತ್ತದೆ. ಗಾಳಿ ಒಣಗಿದಷ್ಟೂ ಈ ನಷ್ಟ ಹೆಚ್ಚು. ಬೇರು ಎಳೆದುಕೊಳ್ಳುವುದಕ್ಕಿಂತ ಬೇಗನೆ ಎಲೆ ಕಳೆದುಕೊಳ್ಳತೊಡಗಿದಾಗ ಗಿಡ ಬಾಡುತ್ತದೆ.

ಈ ನಷ್ಟವನ್ನು ತಡೆಯಲು ಒಂದೊಂದು ಗಿಡ ಒಂದೊಂದು ಉಪಾಯವನ್ನು ಕಂಡುಕೊಂಡಿದೆ. ಕಣಗಿಲೆಯನ್ನು ನೋಡಿರಿ. ಅದರ ಎಲೆ ತೊಗಲಿನಂತೆ ದಪ್ಪ. ಉಸಿರಿನ ರಂಧ್ರಗಳು ಎಲೆಯ ಮೇಲ್ಮೈಯಲ್ಲಿರದೆ, ಅಡಿಭಾಗದ ಸಣ್ಣ ಸಣ್ಣ ಗುಳಿಗಳೊಳಗೆ, ರೋಮಗಳ ಮರೆಯಲ್ಲಿ ಅಡಗಿವೆ. ಬಿಸಿಗಾಳಿ ಅಲ್ಲಿಗೆ ನೇರವಾಗಿ ತಾಗುವುದೇ ಇಲ್ಲ. ಹೆದ್ದಾರಿಯ ನಡುವಿನ ಪಟ್ಟಿಯಲ್ಲಿ, ಯಾರೂ ನೀರೆರೆಯದ ಕಡೆಗಳಲ್ಲಿ ಅದು ಗುಲಾಬಿ ಬಣ್ಣದ ಹೂಗೊಂಚಲು ಹಿಡಿದು ನಿಲ್ಲುವುದರ ಗುಟ್ಟು ಇದೇ. ಆದರೆ ಕಣಗಿಲೆಯ ಎಲೆ, ಹೂವು, ಕಾಂಡ, ಬೀಜ ಎಲ್ಲವೂ ವಿಷ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಕ್ಕಳಿರುವ ಮನೆಯಲ್ಲಿ, ದನಕರು ಓಡಾಡುವ ಅಂಗಳದಲ್ಲಿ ಅದನ್ನು ಬೆಳೆಸುವವರು ಎರಡು ಬಾರಿ ಯೋಚಿಸಬೇಕು. ದೇವಕಣಗಿಲೆಯ ಉಪಾಯ ಬೇರೆ: ಎಲೆಗಳನ್ನೆಲ್ಲ ಉದುರಿಸಿ, ರಸಭರಿತವಾದ ತನ್ನ ದಪ್ಪ ಕೊಂಬೆಗಳಲ್ಲಿ ಕೂಡಿಟ್ಟ ನೀರಿನ ಬಲದಿಂದಲೇ ಬೋಳು ಕೊಂಬೆಯ ತುದಿಯಲ್ಲಿ ಹೂವರಳಿಸುತ್ತದೆ. ಕಾಗದದ ಹೂವಿನ ಬಳ್ಳಿಗಂತೂ ನೀರು ಹೆಚ್ಚಾದರೇ ಕಷ್ಟ. ಅದಕ್ಕೆ ದಿನವೂ ನೀರೆರೆದು ಉಪಚರಿಸುವವರಿಗೆ ಎಲೆಯ ಪೊದೆ ಲಭಿಸುತ್ತದೆಯೇ ಹೊರತು ಹೂವಲ್ಲ. ಸ್ವಲ್ಪ ಕಾಯಿಸಿದರೆ ಬಣ್ಣದ ರಾಶಿಯನ್ನೇ ಸುರಿಸುತ್ತದೆ. ನಾವು ಹೂವೆಂದು ಮೆಚ್ಚುವುದು ಬಣ್ಣ ತಾಳಿದ ಎಲೆಗಳನ್ನು. ನಿಜವಾದ ಹೂವು ಅವುಗಳ ನಡುವಿನ ಪುಟ್ಟ ಬಿಳಿಯ ನಳಿಗೆಯಷ್ಟೇ.

ಇನ್ನು ಮಲ್ಲಿಗೆ. ಬೇಸಗೆಯನ್ನು ತನ್ನ ಕಾಲವೆಂದೇ ಆರಿಸಿಕೊಂಡಿರುವ ಈ ಹೂವಿಗೆ ಕನ್ನಡನಾಡಿನಲ್ಲಿ ಇರುವ ಮಾನ ಹೇಳಿ ತೀರುವಂಥದಲ್ಲ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ ಈ ಮೂರಕ್ಕೂ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಇವುಗಳಲ್ಲಿ ನಮ್ಮ ವಿಷಯಕ್ಕೆ ಹತ್ತಿರವಾದದ್ದು ಹಡಗಲಿಯದು. ಹೂವಿನಹಡಗಲಿ ಇಂದು ವಿಜಯನಗರ ಜಿಲ್ಲೆಗೆ ಸೇರಿದೆ. ಮಳೆ ಕಡಿಮೆ, ಬಿಸಿಲು ಬಲ. ಹಿಂದೆ ಹಂಪೆಯ ರಾಜಧಾನಿಗೆ ಇಲ್ಲಿಂದಲೇ ಹೂವು ಹೋಗುತ್ತಿತ್ತೆಂದೂ ಊರಿಗೆ ಆ ಹೆಸರು ಬಂದುದು ಅದರಿಂದಲೇ ಎಂದೂ ಪ್ರತೀತಿ. ಒಣನೆಲದಲ್ಲಿ ಹೂವಿನ ಕೃಷಿ ಸಾಗದೆಂದು ಹೇಳುವವರು ಒಮ್ಮೆ ಆ ಕಡೆ ಹೋಗಿ ಬರಬೇಕು.

ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಆದುದರಿಂದ ಬೇಸಗೆಯ ಹೂವಿನ ಸಿದ್ಧತೆ ಚಳಿಗಾಲದಲ್ಲಿಯೇ ನಡೆಯಬೇಕು. ನವೆಂಬರಿನ ಕೊನೆಯಿಂದ ಗಿಡಕ್ಕೆ ನೀರು ತಗ್ಗಿಸುತ್ತ ಬಂದು, ಡಿಸೆಂಬರ್ ಅಥವಾ ಜನವರಿಯಲ್ಲಿ ನೆಲದಿಂದ ಮೊಳದೆತ್ತರಕ್ಕೆ ಕೊಂಬೆಗಳನ್ನು ಸವರಿ, ಉಳಿದ ಎಲೆಗಳನ್ನೂ ಬಿಡಿಸಿ, ಬುಡ ಸಡಿಲಿಸಿ, ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ ನೀರು ಕೊಟ್ಟರೆ, ಮಾರ್ಚ್ ತಿಂಗಳಿನಲ್ಲಿ ಚಿಗುರೂ ಅದರ ಹಿಂದೆಯೇ ಮೊಗ್ಗೂ ಬರುತ್ತವೆ. ಹೊಸಬರಿಗೆ ಈ ಸವರುವ ಕೆಲಸವೇ ಕಠಿಣ. ಹಸುರಾಗಿರುವ ಗಿಡಕ್ಕೆ ಕತ್ತರಿ ಹಾಕಲು ಮನಸ್ಸು ಬಾರದು. ಮನಸ್ಸು ಬಾರದವರ ಮನೆಯಲ್ಲಿ ಮಲ್ಲಿಗೆ ಮಾಡು ಮುಟ್ಟುವಷ್ಟು ಬೆಳೆದು, ಕೈಬೆರಳಿನಿಂದ ಎಣಿಸುವಷ್ಟು ಹೂ ಬಿಡುತ್ತದೆ. ಈ ವರ್ಷ ಆ ಕೆಲಸ ತಪ್ಪಿದ್ದರೆ ಈಗ ಉರಿಬಿಸಿಲಿನಲ್ಲಿ ಕತ್ತರಿ ಹಿಡಿದು ಹೊರಡುವುದು ಬೇಡ. ಒಣಗಿದ ಕಡ್ಡಿಗಳನ್ನು ಮಾತ್ರ ತೆಗೆದು, ಹೂ ಮುಗಿದ ತುದಿಗಳನ್ನು ಚಿವುಟುತ್ತ ಬನ್ನಿ, ಸಾಕು. ಮೊಗ್ಗು ಬಲಿಯುವ ವಾರಗಳಲ್ಲಿ ಮಾತ್ರ ನೀರು ತಪ್ಪಬಾರದು. ಆಗ ನೀರು ತಪ್ಪಿದರೆ ಮೊಗ್ಗು ಸಣ್ಣದಾಗಿಯೇ ಕೆಂಪಾಗಿ ಉದುರಿಹೋಗುತ್ತದೆ. ಸಂಜೆಯ ದೇವರ ದೀಪದ ಹೊತ್ತಿಗೆ ಅರಳುವ ಹೂ ಬೇಕೆಂದವರು ಬೆಳಗ್ಗೆ ಬಿಸಿಲೇರುವ ಮುನ್ನವೇ ಬಲಿತ ಬಿಳಿಯ ಮೊಗ್ಗನ್ನು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡುವುದು ಲೇಸು.

ಕನಕಾಂಬರಕ್ಕೆ ಪರಿಮಳವಿಲ್ಲವೆಂಬ ಕೊರತೆಯನ್ನು ಅದರ ತಾಳ್ಮೆ ತುಂಬಿಕೊಡುತ್ತದೆ. ಮಧ್ಯಾಹ್ನದ ಮೇಲೆ ಸ್ವಲ್ಪ ನೆರಳು ಬೀಳುವ ಸ್ಥಳದಲ್ಲಿದ್ದರೆ ಬೇಸಗೆಯುದ್ದಕ್ಕೂ ಕೈತುಂಬ ಹೂ. ನಮ್ಮ ಹೆಂಗಸರು ಮೆಚ್ಚುವ ದೆಹಲಿ ಕನಕಾಂಬರ ಬೀಜ ಕಟ್ಟದ ತಳಿಯಾದುದರಿಂದ ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಮಾಮೂಲು ಕನಕಾಂಬರದ ಒಣ ಬೀಜಕೋಶಕ್ಕೆ ನೀರು ಸೋಕಿದರೆ ಸಾಕು, ಚಟ್ಟನೆ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಸುಗಂಧರಾಜ ಮೆಕ್ಸಿಕೊ ದೇಶದಿಂದ ಬಂದ ಗಡ್ಡೆಯ ಗಿಡ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಶೃಂಗಾರ್, ಪ್ರಜ್ವಲ್, ಸುವಾಸಿನಿ ಮುಂತಾದ ತಳಿಗಳು ಮನೆಯ ಪಾತಿಗೂ ಒಗ್ಗುತ್ತವೆ. ನಂದಿಬಟ್ಟಲು, ಕಾಶಿಕಣಗಿಲೆ, ಶಂಖಪುಷ್ಪ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಇವು ಯಾರ ಉಪಕಾರಕ್ಕೂ ಕಾಯುವ ಜಾತಿಯಲ್ಲ.

ನಿಜವಾದ ಸಂಕಟವಿರುವುದು ಗುಲಾಬಿ, ಸೇವಂತಿಗೆಗಳದು. ಇವುಗಳಿಂದ ಏಪ್ರಿಲ್-ಮೇ ತಿಂಗಳಲ್ಲಿ ಹೂ ಬಯಸುವುದೇ ಅನ್ಯಾಯ. ಜೀವ ಉಳಿಸಿಕೊಂಡರೆ ಅದೇ ದೊಡ್ಡದು. ಸೇವಂತಿಗೆ ಹಗಲು ಕುಗ್ಗಿ ಇರುಳು ಹಿಗ್ಗುವ ಕಾಲದಲ್ಲಿ ಮೊಗ್ಗು ಕಟ್ಟುವ ಗಿಡ. ಹೂ ಮುಗಿದ ಕಾಂಡವನ್ನು ಕತ್ತರಿಸಿ, ಬುಡದಿಂದೇಳುವ ಮರಿಗಳನ್ನು ಬೇರುಸಹಿತ ಬಿಡಿಸಿ, ಕುಂಡದಲ್ಲಿಟ್ಟು, ಪೂರ್ವದ ಎಳೆಬಿಸಿಲು ಮಾತ್ರ ತಾಗುವ ಜಗಲಿಯಲ್ಲಿ ಮಳೆಗಾಲದವರೆಗೆ ಕಾಪಾಡಬೇಕು. ಗುಲಾಬಿಗೆ ಬೇಸಗೆಯಲ್ಲಿ ದೊಡ್ಡ ಸವರಿಕೆ ಕೂಡದು. ಸವರಿದರೆ ಎಳೆಚಿಗುರು ಹೊರಟು ಅದೇ ಬಿಸಿಲಿಗೆ ಬೆಂದುಹೋಗುತ್ತದೆ. ಮೊಗ್ಗು ಬಂದರೆ ಸಣ್ಣದಿರುವಾಗಲೇ ಚಿವುಟಿ ಗಿಡದ ಶಕ್ತಿಯನ್ನು ಉಳಿಸುವವರೂ ಇದ್ದಾರೆ. ಕಠೋರವಾಗಿ ಕಂಡರೂ ಆ ಕ್ರಮ ಒಳ್ಳೆಯದೇ.

ಈಗ ಕೊಡದ ಲೆಕ್ಕಕ್ಕೆ ಬರೋಣ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಎತ್ತರದ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ಹತ್ತಡಿ ಉದ್ದ, ಹತ್ತಡಿ ಅಗಲದ ಹೂದೋಟವೆಂದರೆ ಒಂಬತ್ತು ಚದರ ಮೀಟರಿಗೆ ತುಸು ಹೆಚ್ಚು. ಬೇಸಗೆಯ ದಿನವೊಂದಕ್ಕೆ ಐದು ಮಿಲಿಮೀಟರ್ ನೀರು ಆರಿಹೋಗುವುದೆಂದು ಇಟ್ಟುಕೊಂಡರೂ ಆ ಪುಟ್ಟ ನೆಲಕ್ಕೆ ನಿತ್ಯ ನಲವತ್ತೈದು ಲೀಟರಿಗೂ ಮಿಕ್ಕಿದ ನೀರು, ಎಂದರೆ ಮೂರು ತುಂಬು ಕೊಡ ಬೇಕು. ತಿಂಗಳಿಗೆ ತೊಂಬತ್ತು ಕೊಡ! ಬೀದಿಯ ನಲ್ಲಿಯಿಂದ ಹೊತ್ತು ತರುವ ಮನೆಯವರು ಇದನ್ನು ಕೇಳಿ ಹೂವಿನ ಆಸೆಯನ್ನೇ ಬಿಟ್ಟಾರು. ಬಿಡಬೇಕಾದುದಿಲ್ಲ. ನೆಲವೆಲ್ಲವನ್ನೂ ನೆನೆಸುವ ಬದಲು ಗಿಡದ ಸುತ್ತ ಒಂದೂವರೆ ಅಡಿಯ ಪಾತಿ ಮಾಡಿ ಅಲ್ಲಿಗೆ ಮಾತ್ರ ನೀರೆರೆದರೆ ಲೆಕ್ಕ ಕಾಲು ಭಾಗಕ್ಕೆ ಇಳಿಯುತ್ತದೆ.

ನೀರನ್ನು ಎಷ್ಟು ಎರೆದೆವು ಎಂಬುದಕ್ಕಿಂತ ಎಷ್ಟು ಆಳಕ್ಕೆ ಇಳಿಯಿತು ಎಂಬುದು ಮುಖ್ಯ. ದಿನವೂ ಸಂಜೆ ಕೊಳವೆ ಹಿಡಿದು ಎಲೆಯ ಮೇಲೂ ನೆಲದ ಮೇಲೂ ಎರಚಾಡಿ, ಮಣ್ಣಿನ ವಾಸನೆ ಬಂದೊಡನೆ ತೃಪ್ತಿಪಟ್ಟು ಒಳಗೆ ಹೋಗುವ ತೋಟಗಾರರು ಬಹಳ ಮಂದಿ. ಅವರ ಗಿಡದ ಬೇರುಗಳು ಆ ಒಂದಂಗುಲದ ತೇವವನ್ನು ನಂಬಿ ಮೇಲೆಯೇ ಹರಡಿಕೊಂಡು, ಮರುದಿನದ ಬಿಸಿಲಿಗೆ ಹುರಿದುಹೋಗುತ್ತವೆ. ಮೂರು ದಿನಕ್ಕೊಮ್ಮೆ ನಿಧಾನವಾಗಿ, ಗೇಣುದ್ದ ಇಳಿಯುವಂತೆ ಎರೆದರೆ ಬೇರು ನೀರನ್ನು ಹಿಂಬಾಲಿಸಿ ಆಳಕ್ಕೆ ಹೋಗುತ್ತದೆ. ಹೊತ್ತು ಬೆಳಗಿನ ಜಾವವೇ ಉತ್ತಮ; ಸಂಜೆಯಾದರೆ ನೆಲದ ಕಾವು ಇಳಿದ ಮೇಲೆ.

ನಡುಮಧ್ಯಾಹ್ನ ದಾಸವಾಳದ ಎಲೆ ಜೋತುಬಿದ್ದುದನ್ನು ಕಂಡು ಗಾಬರಿಯಿಂದ ಚೆಂಬು ಹಿಡಿದು ಓಡುವುದುಂಟು. ಬೇಡ. ಬುಡದ ಮಣ್ಣಿಗೆ ಬೆರಳನ್ನು ಎರಡು ಗೆಣ್ಣು ಇಳಿಸಿ ನೋಡಿರಿ. ತಣ್ಣಗಿದ್ದರೆ ಗಿಡ ಬಿಸಿಲಿಗೆ ತಲೆ ಬಾಗಿಸಿ ವಿಶ್ರಮಿಸುತ್ತಿದೆಯೆಂದು ತಿಳಿಯಬೇಕು. ಬೆಳಗ್ಗೆ ಏಳುವಾಗಲೂ ಬಾಡಿಯೇ ಇದ್ದರೆ ಅದು ನಿಜವಾದ ಬಾಯಾರಿಕೆ. ಮಧ್ಯಾಹ್ನ ಎಲೆಯ ಮೇಲೆ ನಿಂತ ನೀರಹನಿ ಭೂತಗನ್ನಡಿಯಂತೆ ಕೆಲಸ ಮಾಡಿ ಎಲೆಯನ್ನು ಸುಡುತ್ತದೆಂಬ ನಂಬಿಕೆ ಬಹು ಹಳೆಯದು. ಹಂಗೆರಿಯ ವಿಜ್ಞಾನಿಗಳು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದಂತೆ, ನುಣುಪಾದ ಎಲೆಯ ಮೇಲೆ ಹಾಗೆ ಆಗುವುದಿಲ್ಲ. ರೋಮಗಳಿರುವ ಎಲೆಯ ಮೇಲೆ ಹನಿ ಎತ್ತರಿಸಿ ನಿಂತಾಗ ಮಾತ್ರ ಆಗುವ ಸಂಭವವುಂಟು. ಗಿಡ ಸುಡುವುದು ಸಾಮಾನ್ಯವಾಗಿ ಬೇರೊಂದು ಕಾರಣದಿಂದ: ಬಿಸಿಲಿನಲ್ಲಿ ಬಿದ್ದಿದ್ದ ಕೊಳವೆಯೊಳಗಿನ ನೀರು ಸ್ನಾನದ ನೀರಿನಷ್ಟು ಕಾದಿರುತ್ತದೆ. ಮೊದಲ ಆ ನೀರನ್ನು ಬಕೆಟ್ಟಿಗೆ ಹಿಡಿದು ಆರಲು ಬಿಡಬೇಕು.

ನೆಲಕ್ಕೆ ಹೊದಿಕೆ ಹಾಕುವುದು ನೀರೆರೆಯುವುದಕ್ಕೆ ಸಮಾನವಾದ ಕೆಲಸ. ಒಣಗಿದ ಎಲೆ, ಕಡಲೆಕಾಯಿಯ ಸಿಪ್ಪೆ, ತೆಂಗಿನ ನಾರು, ಹುಲ್ಲು, ಯಾವುದಾದರೂ ಸರಿ. ಮೂರಂಗುಲ ದಪ್ಪ ಹರಡಿದರೆ ಮಣ್ಣು ತಂಪಾಗಿರುತ್ತದೆ, ಕಳೆಯೂ ಏಳದು. ಗೆದ್ದಲಿನ ಕಾಟವಿರುವ ಕೆಂಪು ನೆಲದಲ್ಲಿ ಹೊದಿಕೆಯನ್ನು ಕಾಂಡಕ್ಕೆ ತಾಗಿಸದೆ ನಾಲ್ಕು ಬೆರಳು ದೂರವಿರಿಸಬೇಕು. ಅಂಗಳ ಗುಡಿಸಿ ಒಣ ಎಲೆಗೆ ಬೆಂಕಿಯಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಗಿಡದ ಹೊದಿಕೆಯನ್ನು ಸುಟ್ಟು ಆಮೇಲೆ ಗಿಡ ಒಣಗಿತೆಂದು ಪೇಚಾಡುವುದು ಎಂಥ ವಿವೇಕ!

ಇನ್ನೊಂದು ಹಳೆಯ ಉಪಾಯವನ್ನು ಇಲ್ಲಿ ನೆನೆಯಬೇಕು. ಹೊಳಪು ಹಾಕದ ಸಾದಾ ಮಣ್ಣಿನ ಮಡಕೆಯೊಂದನ್ನು ಎರಡು ಮೂರು ಗಿಡಗಳ ನಡುವೆ ಕೊರಳಿನವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿಡುವುದು. ಕ್ರಿಸ್ತಪೂರ್ವ ಒಂದನೆಯ ಶತಮಾನದಷ್ಟು ಹಿಂದೆಯೇ ಚೀನಾದೇಶದ ಫಾನ್ ಷೆಂಗ್‌ಜಿ ಎಂಬಾತನ ಕೃಷಿಗ್ರಂಥದಲ್ಲಿ ಇದರ ವಿವರಣೆಯಿದೆ. ಸುತ್ತಲಿನ ಮಣ್ಣು ಒಣಗಿದಂತೆ ಅದು ಮಡಕೆಯ ಗೋಡೆಯ ಮೂಲಕ ನೀರನ್ನು ಹೀರುತ್ತದೆ. ಮಣ್ಣು ತೇವವಾಗಿದ್ದರೆ ಹೀರಿಕೆ ತಾನಾಗಿಯೇ ನಿಧಾನವಾಗುತ್ತದೆ. ಹೀಗೆ ಗಿಡವೇ ತನಗೆ ಬೇಕಾದಷ್ಟನ್ನು ಕೇಳಿ ಪಡೆಯುವ ಏರ್ಪಾಡು. ಮಕ್ಕಳ ರಜೆಯಲ್ಲಿ ನಾಲ್ಕು ದಿನ ತವರಿಗೆ ಹೋಗುವ ಗೃಹಿಣಿಯರಿಗೆ ಇದಕ್ಕಿಂತ ನಂಬಿಕೆಯ ಮಾಲಿ ಸಿಗಲಾರ. ಕಾಲಕ್ರಮದಲ್ಲಿ ಗಡಸು ನೀರಿನ ಸುಣ್ಣದಿಂದ ಮಡಕೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಆಗ ಬದಲಿಸಬೇಕು.

ತಾರಸಿಯ ಮೇಲೆ ಕುಂಡಗಳನ್ನಿಟ್ಟಿರುವ ಪಟ್ಟಣಿಗರ ಪಾಡು ಬೇರೆಯೇ. ನೆಲದಲ್ಲಿರುವ ಗಿಡಕ್ಕೆ ಬಿಸಿಲು ಮೇಲಿನಿಂದ ಮಾತ್ರ. ಕುಂಡದ ಗಿಡಕ್ಕೆ ಮೇಲಿನಿಂದ, ಪಕ್ಕದಿಂದ, ಕಾದ ತಾರಸಿಯ ಮೂಲಕ ಕೆಳಗಿನಿಂದಲೂ. ಕಪ್ಪು ಪ್ಲಾಸ್ಟಿಕ್ಕಿನ ಕುಂಡಗಳಂತೂ ಒಳಗಿನ ಬೇರನ್ನು ಬೇಯಿಸಿಬಿಡುತ್ತವೆ. ಕುಂಡಗಳನ್ನು ಇಟ್ಟಿಗೆಯ ಮೇಲೆತ್ತಿ, ಒಂದಕ್ಕೊಂದು ತಾಗುವಂತೆ ಗುಂಪಾಗಿಟ್ಟು, ದೊಡ್ಡ ಗಟ್ಟಿ ಗಿಡಗಳನ್ನು ಪಶ್ಚಿಮಕ್ಕೆ, ಎಳೆಯವನ್ನು ಅವುಗಳ ಮರೆಗೆ ನಿಲ್ಲಿಸಿದರೆ ಅರ್ಧ ಕಷ್ಟ ನೀಗುತ್ತದೆ. ಹನ್ನೆರಡರಿಂದ ನಾಲ್ಕರವರೆಗೆ ನೆರಳಿಗೆ ಹಸುರು ಬಲೆಯೇ ಆಗಬೇಕೆಂದಿಲ್ಲ, ಹಳೆಯ ಬಿಳಿಯ ಪಂಚೆಯೂ ಸಾಕು. ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಿಸುವವರು ವಾರಕ್ಕೊಮ್ಮೆ ಅದನ್ನು ಚೆಲ್ಲಿ ಉಜ್ಜಿ ತೊಳೆಯಬೇಕು. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ತಟ್ಟೆ ಒಣಗಿದರೂ ಸಾಯದು. ಹಳ್ಳಿಯ ಕಡೆ ಕುಂಡವೆತ್ತುವ ಮುನ್ನ ಕೋಲಿನಿಂದ ಒಮ್ಮೆ ಅಲುಗಿಸಿರಿ. ತಂಪನ್ನು ಅರಸಿ ಬಂದ ಚೇಳಿಗೆ ಅದಕ್ಕಿಂತ ಒಳ್ಳೆಯ ಮನೆ ಇನ್ನೊಂದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಕುಡಿಯುವ ನೀರಿಗೇ ತತ್ವಾರವಾದಾಗ ಹೂವಿನ ಗಿಡಕ್ಕೆ ನೀರೆರೆಯುವುದು ಸರಿಯೇ? 2024ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ನೀರಿಗೆ ಸಾಲು ನಿಲ್ಲುವ ಪರಿಸ್ಥಿತಿ ಬಂದಾಗ, ಜಲಮಂಡಳಿಯವರು ಆ ಮಾರ್ಚ್ ತಿಂಗಳಿನಲ್ಲಿ ಕುಡಿಯುವ ನೀರನ್ನು ಕೈದೋಟಕ್ಕೂ ವಾಹನ ತೊಳೆಯಲೂ ಬಳಸಕೂಡದೆಂದು ಆಜ್ಞೆ ಹೊರಡಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡ ವಿಧಿಸುವುದಾಗಿ ಸಾರಿದರು. ಹಲವರು ಗೊಣಗಿದರು. ಆದರೆ ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಏರಿಸಿ ತರುವ ಕಾವೇರಿಯ ನೀರನ್ನು ಹುಲ್ಲುಹಾಸಿಗೆ ಸುರಿಯುವ ಹಕ್ಕು ಯಾರಿಗಿದೆ? ಆಜ್ಞೆ ನ್ಯಾಯವಾದದ್ದೇ. ಗಿಡಗಳಿಗೆ ದೊರೆಯಬೇಕಾದುದು ಮನೆಯಲ್ಲಿ ಒಮ್ಮೆ ದುಡಿದು ಬಂದ ನೀರು.

ಅಂಥ ನೀರು ನಾವು ಎಣಿಸುವುದಕ್ಕಿಂತ ಹೆಚ್ಚಾಗಿಯೇ ಇದೆ. ಅಕ್ಕಿ, ಬೇಳೆ, ಸೊಪ್ಪು, ತರಕಾರಿ ತೊಳೆದ ನೀರನ್ನು ಮೋರಿಗೆ ಚೆಲ್ಲದೆ ಒಂದು ಬಕೆಟ್ಟಿಗೆ ಸುರಿಯುತ್ತ ಬಂದರೆ ನಾಲ್ಕು ಜನರ ಮನೆಯಲ್ಲಿ ಸಂಜೆಗೆ ಅದು ತುಂಬಿರುವುದೇ ಹೆಚ್ಚು. ಅದನ್ನು ಅಂದೇ ಎರೆಯಬೇಕು; ಮರುದಿನಕ್ಕೆ ಹುಳಿತು ನಾರುತ್ತದೆ. ತಂಪುಗಾಳಿಯ ಯಂತ್ರದಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವಿಲ್ಲ. ಕುಂಡಗಳಿಗೆ ಅದು ಬಹಳ ಹಿತ. ಆದರೆ ಕುಡಿಯುವ ನೀರನ್ನು ಶೋಧಿಸುವ ಯಂತ್ರ ಹೊರಹಾಕುವ ನೀರಿನಲ್ಲಿ ಲವಣಗಳೆಲ್ಲ ಗಟ್ಟಿಯಾಗಿ ಸೇರಿರುವುದರಿಂದ ಅದು ನೆಲ ಒರೆಸಲು ಯೋಗ್ಯವೇ ಹೊರತು ಗಿಡಕ್ಕಲ್ಲ. ಬಚ್ಚಲ ನೀರನ್ನು ಬಾಳೆ, ತೆಂಗು ತಾಳಿಕೊಂಡಾವು. ಬಟ್ಟೆಯ ಪುಡಿ ಬೆರೆತ ನೀರು ಮಾತ್ರ ಮಲ್ಲಿಗೆಯ ಬುಡಕ್ಕೆ ಹೋಗಬಾರದು. ಮಣ್ಣು ಕ್ಷಾರವಾಗಿ, ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕದೆ, ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ.

ಅದೂ ಸಾಲದಾದಾಗ ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು ಎಂದು ನಿರ್ಧರಿಸಬೇಕಾಗುತ್ತದೆ. ಮನಸ್ಸಿಗೆ ನೋವಾಗುವ ಮಾತಾದರೂ ಮೊದಲು ನೀರು ನಿಲ್ಲಬೇಕಾದುದು ಹುಲ್ಲುಹಾಸಿಗೆ. ಗರಿಕೆಯ ಜಾತಿಯಾದರೆ ಅದು ಒಣಗಿದಂತೆ ಕಂಡರೂ ಮಳೆ ಬಿದ್ದೊಡನೆ ಮತ್ತೆ ಹಸುರಾಗುತ್ತದೆ. ಆಮೇಲೆ ಚೆಂಡುಹೂವಿನಂತಹ ಒಂದು ಋತುವಿನ ಗಿಡಗಳು. ಅವುಗಳ ಬೀಜ ತೆಗೆದಿಟ್ಟುಕೊಂಡರಾಯಿತು. ಇರುವ ನೀರೆಲ್ಲವೂ ಸಂಪಿಗೆ, ಪಾರಿಜಾತಗಳ ಎಳೆಯ ಸಸಿಗೆ, ಮಲ್ಲಿಗೆಗೆ, ಹಳೆಯ ಗುಲಾಬಿಗೆ ಸಲ್ಲಬೇಕು. ಐದು ವರ್ಷದ ಸಂಪಿಗೆ ಸತ್ತರೆ ಹೋಗುವುದು ಗಿಡವಷ್ಟೇ ಅಲ್ಲ, ಐದು ವರ್ಷಗಳು.

ರೋಗರುಜಿನಗಳ ಮಾತು ಸಂಕ್ಷೇಪವಾಗಿ ಹೇಳಿದರೆ ಸಾಕು. ಒಣಹವೆಯಲ್ಲಿ ಗುಲಾಬಿಯ ಎಲೆಯಡಿ ಕೆಂಪು ನುಸಿ ನೆಲೆಸಿ ಎಲೆ ಬೂದಿ ಎರಚಿದಂತಾಗುತ್ತದೆ. ಬೆಳಗ್ಗೆ ಎಲೆಯ ಅಡಿಭಾಗಕ್ಕೆ ನೀರು ಚಿಮ್ಮಿಸಿದರೆ ಬಹುಮಟ್ಟಿಗೆ ತೊಲಗುತ್ತದೆ. ದಾಸವಾಳದ ತುದಿಗೆ ಬಿಳಿಯ ಹಿಟ್ಟಿನಂತೆ ಅಂಟುವ ತಿಗಣೆಗೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಚೂರು ಸಾಬೂನು ಕಲಕಿ ಬಿಸಿಲಿಳಿದ ಮೇಲೆ ಸಿಂಪಡಿಸಬೇಕು. ಇರುವೆಗಳು ಸಾಲುಗಟ್ಟಿ ಗಿಡ ಹತ್ತುತ್ತಿದ್ದರೆ ಮೇಲೆ ತಿಗಣೆಯಿದೆಯೆಂದೇ ಅರ್ಥ. ಸೊರಗಿದ ಗಿಡಕ್ಕೆ ಬಲ ಬರಲೆಂದು ರಾಸಾಯನಿಕ ಗೊಬ್ಬರ ಸುರಿಯುವುದು ಜ್ವರ ಬಂದವನಿಗೆ ಹಬ್ಬದೂಟ ಬಡಿಸಿದಂತೆ. ಒಣಮಣ್ಣಿನಲ್ಲಿ ಆ ಲವಣ ಬೇರಿನ ನೀರನ್ನೇ ಹೊರಕ್ಕೆಳೆಯುತ್ತದೆ. ಸಗಣಿಯ ತಿಳಿ ನೀರು, ಅದೂ ಬುಡ ನೆನೆದ ಮೇಲೆ, ಸಾಕು.

ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ. ಹೀಗೆ ಮಳೆಯ ನಕ್ಷತ್ರಗಳು ಒಂದೊಂದಾಗಿ ಬಂದು, ಗುಡುಗು ಸಿಡಿಲಿನೊಡನೆ ಒಂದೆರಡು ಹದ ಸುರಿಯುವುದುಂಟು. ಆ ಮೊದಲ ಮಳೆಗೆ ಹಿಗ್ಗಿ ಹೊದಿಕೆ ತೆಗೆಯುವುದಾಗಲಿ, ಸೇವಂತಿಗೆಯ ಮರಿಗಳನ್ನು ಬಯಲಿಗೆ ನೆಡುವುದಾಗಲಿ ಬೇಡ. ಮರುವಾರವೇ ರೋಹಿಣಿಯ ಬಿಸಿಲು ಹಿಂತಿರುಗೀತು. ಜೂನ್ ಎರಡನೆಯ ವಾರದ ಮೃಗಶಿರೆ ಹಿಡಿಯುವವರೆಗೆ ತಾಳ್ಮೆ ಇರಲಿ. ಒಣಗಿಹೋಯಿತೆಂದು ತೋರುವ ಗಿಡವನ್ನೂ ಅಲ್ಲಿಯವರೆಗೆ ಕೀಳಬಾರದು. ಕಾಂಡವನ್ನು ಉಗುರಿನಿಂದ ಮೆಲ್ಲನೆ ಕೆರೆದು ನೋಡಿರಿ. ತೊಗಟೆಯ ಕೆಳಗೆ ಹಸುರು ಕಂಡರೆ ಜೀವವಿದೆ. ಮೇಲೆ ಹಸುರಿಲ್ಲದಿದ್ದರೂ ಬುಡದಲ್ಲಿರಬಹುದು. ಅಲ್ಲಿಯವರೆಗೆ ಸವರಿ ಕಾಯಬೇಕು. ಕಸಿ ಮಾಡಿದ ಗುಲಾಬಿಯಾದರೆ ಚಿಗುರು ಬಂದ ಮೇಲೆ ಅದು ಕಸಿಯ ಗಂಟಿನ ಮೇಲಿನಿಂದ ಬಂದಿದೆಯೋ ಕೆಳಗಿನಿಂದಲೋ ನೋಡಿರಿ. ಕೆಳಗಿನದಾದರೆ ಅದು ಕಾಡುಗುಲಾಬಿಯ ಚಿಗುರು. ಎಷ್ಟೇ ಸೊಂಪಾಗಿದ್ದರೂ ಅಂದೇ ಕಿತ್ತುಹಾಕತಕ್ಕದ್ದು.